ತೋಳಿನೊಳಗಿನ ಸಂತ

ಪಾಸೊ ಟಿಂಬೊ
ಏಪ್ರಿಲ್ 19, 1982

ಮೈ ಡಿಯರ್ ಸನ್ ನಸಾರಿಯೊ,

ಇಂಗ್ಲಿಷಿನಲ್ಲಿ ಶುರುಮಾಡಿದೆನೆಂದು ನಗಬೇಡ. ಮೂವತ್ತೈದು ವರ್ಷದ ಹಿಂದೆ ಕೊರಿಯೆಂತೆಸ್ ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದು, ಈಗ ಉಳಿದಿರುವುದು ಇಂಥ ನಾಲ್ಕು ಚೂರು. "ಐ ಹ್ಯಾವ್ ಎ ಫಾದರ್. ಮೈ ಫಾದರ್ ಹ್ಯಾಸ್ ಎ ಗಾರ್ಡನ್." ಇಷ್ಟು ಬಂದರೆ ಲಂಡನ್ನಿನಲ್ಲಿ ಸುಖವಾಗಿ ಇರಬಹುದೆಂದು ನಮ್ಮ ಮಿಸ್ ಹೇಳುತ್ತಿದ್ದರು. ಪಾಪ, ಲಂಡನ್ ಇರಲಿ, ಅವರು ಬ್ಯೂನಸ್ ಐರಿಸನ್ನೂ ಕಂಡವರಲ್ಲ. ಈಗ ಅದೇ ಭಾಷೆಯವರು ಹಡಗು ಹತ್ತಿ, ಈ ತಿಂಗಳು ನಮ್ಮ ಸೇನೆ ವಾಪಸ್ ಹಿಡಿದ ನಮ್ಮ ಮಾಲ್ವಿನಾಸ್ ದ್ವೀಪಗಳ ಕಡೆ ಹೊರಟಿದ್ದಾರಂತೆ. ರೇಡಿಯೊದಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಬುದ್ಧಿ ಇದ್ದರೆ ಅರ್ಧ ದಾರಿಯಲ್ಲೇ ತಿರುಗಿಕೊಳ್ಳುತ್ತಾರೆ.

ನಿಮ್ಮನ್ನು ಹತ್ತಿಸಿಕೊಂಡ ಸೇನೆಯ ಲಾರಿ ಧೂಳೆಬ್ಬಿಸಿ ಹೋದಮೇಲೂ ಊರು ಒಂದು ಗಂಟೆ ರಸ್ತೆಯಲ್ಲೇ ನಿಂತಿತ್ತು. ಆಮೇಲೆ ಉಳಿದ ಮಾಂಸ ಹಂಚಿಕೊಂಡು ಎಲ್ಲರೂ ಮನೆಗೆ ಹೋದರು. ನಿನಗೂ ಕ್ರಿಸ್ಪಿನ್‌ಗೂ ಬೀಳ್ಕೊಡುಗೆಯ ಊಟಕ್ಕೆಂದು ಕಡಿದ ಆ ಕೆಂಪು ಎತ್ತಿನ ಎಲುಬುಗಳನ್ನು ನಮ್ಮ ನಾಯಿ ಇನ್ನೂ ಅಂಗಳದ ತುಂಬ ಎಳೆದಾಡುತ್ತಿದೆ. ನಿನ್ನ ಅಮ್ಮ ಇದ್ದಿದ್ದರೆ ಪೊರಕೆ ಹಿಡಿದು ಅಟ್ಟುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು, ನಾಯಿಗೆ ಈಗಲೂ ಪೊರಕೆ ಕಂಡರೆ ಭಯ.

ತೋಳಿನ ಗಾಯ ಒಣಗಿತೆ? ಕೆರೆದುಕೊಳ್ಳಬೇಡ. ಅಜ್ಜನ ಕ್ಷೌರದ ಕತ್ತಿ ಹಳೆಯದಾದರೂ ಅದನ್ನು ಚೆನ್ನಾಗಿ ಕುದಿಸಿದ ಮೇಲೆಯೇ ನಾನು ಸೀಳಿದ್ದು. ಸಾವಿನ ಸಂತ ಚರ್ಮದೊಳಗೆ ಕೂತಮೇಲೆ ಮೂರು ದಿನ ಸುಡುತ್ತಾನೆ, ನಾಲ್ಕನೆಯ ದಿನ ಮನೆಯವನಾಗುತ್ತಾನೆ ಎಂದು ನಿನ್ನ ಅಜ್ಜ ಹೇಳುತ್ತಿದ್ದರು. ಮೂಳೆಯಲ್ಲಿ ಕೆತ್ತಿದ ಉಗುರಿನಷ್ಟು ಗಾತ್ರದ ಅಸ್ಥಿಪಂಜರ, ಕೈಯಲ್ಲೊಂದು ಕುಡುಗೋಲು. ಅದನ್ನು ತೋಳಿನಲ್ಲಿ ಹೊತ್ತೇ ಅವರು ನದಿ ದಾಟಿ ಹೋಗಿ, ನೆರೆದೇಶದ ಚಾಕೊ ಯುದ್ಧದಲ್ಲಿ ಮೂರು ವರ್ಷ ಗುಂಡಿನ ಮಳೆಯಲ್ಲಿ ತಿರುಗಿ, ಒಂದು ಗೀರೂ ಇಲ್ಲದೆ ಬಂದರು. ಅದೇ ಈಗ ನಿನ್ನಲ್ಲಿದೆ. ಇನ್ನು ನೀನು ಹೆದರಬೇಕಾದ್ದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಇಂಥದ್ದನ್ನು ಬರೆಯುತ್ತಿದ್ದಾರಲ್ಲ ಎಂದುಕೊಳ್ಳಬೇಡ. ಕೆಲವು ವಿಷಯ ಪಠ್ಯಪುಸ್ತಕದ ಆಚೆಗಿರುತ್ತವೆ.

ಗ್ರೀಕರ ಆ ವೀರನ ಪಾಠ ನೆನಪಿದೆಯೆ? ತಾಯಿ ಅವನನ್ನು ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದಳು, ಮೈಯೆಲ್ಲ ವಜ್ರವಾಯಿತು, ಹಿಡಿದ ಹಿಮ್ಮಡಿ ಮಾತ್ರ ಉಳಿಯಿತು, ಕೊನೆಗೆ ಬಾಣ ಅಲ್ಲೇ ತಾಗಿತು. ಆವತ್ತು ಕ್ರಿಸ್ಪಿನ್ ಕೈಯೆತ್ತಿ, "ಮೇಷ್ಟ್ರೇ, ಅವರಮ್ಮ ಕಾಲು ಬಿಟ್ಟು ಕೈ ಹಿಡ್ಕೊಂಡು ಇನ್ನೊಂದ್ಸಲ ಅದ್ದೋಕೇನಾಗಿತ್ತು?" ಅಂದ. ಇಡೀ ತರಗತಿ ನಕ್ಕಿತು. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಅವನನ್ನು ನೋಡಿಕೊ. ಅವನ ತಾಯಿ ತೆಯಾ ಬಸ್ ನಿಲ್ದಾಣದಲ್ಲಿ ಚಿಪಾ ರೊಟ್ಟಿ ಮಾರುವುದನ್ನು ಬಿಟ್ಟು ಎರಡು ದಿನದಿಂದ ಬಾಗಿಲಲ್ಲೇ ಕೂತಿದ್ದಾಳೆ. ಅವನ ಪತ್ರ ಬಂದರೆ ಓದಿ ಹೇಳಬೇಕಾದವನು ನಾನೇ ತಾನೆ.

ದೇವರು ನಿನ್ನನ್ನು ಹರಸಲಿ.

ನಿನ್ನ ಅಪ್ಪ
ಎವಾರಿಸ್ತೊ ಗಾಲಾರ್ಸಾ


ಮಾಲ್ವಿನಾಸ್
ಮೇ 5, 1982

ಅಪ್ಪಾ, ನಿಮ್ಮ ಆಶೀರ್ವಾದ ಬೇಡುತ್ತೇನೆ.

ನಾವು ದ್ವೀಪಕ್ಕೆ ಬಂದು ಎಂಟು ದಿನವಾಯಿತು. ನೆಲ ನಮ್ಮ ಜವುಗಿನಂತೆಯೇ ಇದೆ, ಕಾಲಿಟ್ಟರೆ ಒಸರುತ್ತದೆ. ಆದರೆ ಮರ ಇಲ್ಲ. ಒಂದೇ ಒಂದು ಮರ ಇಲ್ಲ ಅಪ್ಪಾ. ಕ್ರಿಸ್ಪಿನ್ ಮೊದಲ ದಿನ ಸುತ್ತ ನೋಡಿ, "ಇಲ್ಲಿ ನಾಯಿಗಳು ಕಾಲೆತ್ತೋದೆಲ್ಲೋ?" ಅಂದ. ಸಾರ್ಜೆಂಟ್ ಕೂಡ ನಕ್ಕುಬಿಟ್ಟರು.

ಮೇ ಒಂದನೇ ತಾರೀಕು ಬೆಳಿಗ್ಗೆ ವಿಮಾನಗಳು ಬಂದವು. ನಾನು ನೀರು ತರಲು ಹೋಗಿದ್ದೆ. ಒಂದು ಬಾಂಬು ನನ್ನಿಂದ ಎರಡು ಮಾರು ದೂರದಲ್ಲಿ ಕೆಸರಿಗೆ ಹೂತುಕೊಂಡು ಸುಮ್ಮನಾಯಿತು. ಸಿಡಿಯಲಿಲ್ಲ. ನಾನು ಕೊಡ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತೆ. ಆ ಹೊತ್ತಿಗೆ ತೋಳಿನೊಳಗೆ ಅವನು ಬಿಸಿಯಾದ. ನಿಜವಾಗಿಯೂ ಬಿಸಿಯಾದ.

ಅಜ್ಜ ಒಂಬತ್ತು ದಿನ ಹಾಸಿಗೆಯಲ್ಲಿ ಕೂಗಿದ್ದು ನನಗೆ ನೆನಪಿದೆ. ಸಂತ ಒಳಗಿರುವ ತನಕ ಸಾವು ಹತ್ತಿರ ಬರುವುದಿಲ್ಲವೆಂದು ಕೊನೆಗೆ ನೀವೇ ಅದನ್ನು ಸೀಳಿ ತೆಗೆದಿರಿ. ಒಲೆಯ ಮೇಲಿನ ಕೆಟಲು ಕುದಿಯುವಷ್ಟರಲ್ಲಿ ಅವರು ಹೋದರು. ನಾನು ಬಾಗಿಲ ಸಂದಿಯಿಂದ ನೋಡಿದ್ದೆ, ನಿಮಗೆ ಹೇಳಿರಲಿಲ್ಲ. ಆಗ ಹೆದರಿದ್ದೆ. ಈಗ ಅದನ್ನು ನೆನೆದರೆ ಧೈರ್ಯ ಬರುತ್ತದೆ.

ಬಾಂಬಿನ ಸುದ್ದಿ ಎಲ್ಲರಿಗೂ ಗೊತ್ತಾಗಿ, ನಮ್ಮ ಕಡೆಯ ಹುಡುಗರು ಪಹರೆಗೆ ಹೋಗುವ ಮೊದಲು ಬಂದು ನನ್ನ ತೋಳು ಮುಟ್ಟಿಹೋಗುತ್ತಾರೆ. ಮುಂದಿನ ಬಂಡೆಯ ಹತ್ತಿರ ಕಾವಲು ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಈಗ ಅದು ನನ್ನ ಜಾಗ. ನಾನೇ ಕೇಳಿ ತೆಗೆದುಕೊಂಡೆ.

ಕ್ರಿಸ್ಪಿನ್ ಅಡುಗೆಯವರ ಜೊತೆ ಇದ್ದಾನೆ, ಚೆನ್ನಾಗಿದ್ದಾನೆ. ತೆಯಾ ಚಿಕ್ಕಮ್ಮನಿಗೆ ಹಾಗೇ ಹೇಳಿ. ಪತ್ರಗಳನ್ನು ಇಲ್ಲಿ ತೆರೆದು ಓದುತ್ತಾರೆ, ಆದ್ದರಿಂದ ಇಷ್ಟು ಸಾಕು.

ನಸಾರಿಯೊ


ಪಾಸೊ ಟಿಂಬೊ
ಮೇ 16, 1982

ಮೈ ಡಿಯರ್ ಸನ್,

ನಿನ್ನ ಪತ್ರ ಅಂಗಡಿಯ ಮುಂದೆ ಕೈಗೆ ಬಂತು, ಅಲ್ಲೇ ನಿಂತು ಗಟ್ಟಿಯಾಗಿ ಓದಿಬಿಟ್ಟೆ. ನನ್ನ ಕೆಟ್ಟ ಅಭ್ಯಾಸ ನಿನಗೆ ಗೊತ್ತಲ್ಲ, ಕಾಗದ ಕಂಡರೆ ಮುಂದೆ ತರಗತಿ ಇದೆಯೆಂದೇ ಅನಿಸುತ್ತದೆ. ಬಾಂಬಿನ ಸಾಲುಗಳನ್ನು ಎರಡು ಸಲ ಓದಿಸಿದರು. ಮರುದಿನದಿಂದ ನಮ್ಮ ಬಾಗಿಲ ಮುಂದೆ ಯಾರೋ ಮೇಣದಬತ್ತಿ ಹಚ್ಚಿ ಹೋಗುತ್ತಿದ್ದಾರೆ. ನಾನು ಬೇಡವೆಂದೆ. ನಿಲ್ಲಿಸುತ್ತಿಲ್ಲ.

ಮೂರು ದಿನ ಎದೆಯುಬ್ಬಿಸಿ ತಿರುಗಿದ್ದು ಸುಳ್ಳಲ್ಲ. ಆಮೇಲೆ ಯಾಕೋ ಊಟ ಸೇರುತ್ತಿಲ್ಲ. ಹೊಟ್ಟೆಯದೇ ತೊಂದರೆ ಇರಬೇಕು, ಈ ವರ್ಷದ ಕುಂಬಳಕಾಯಿ ಸರಿಯಿಲ್ಲ. ನಿನ್ನ ಅಮ್ಮ ನೆಟ್ಟ ಬಳ್ಳಿ ಅದು, ತಾನಾಗಿ ಬರುತ್ತದೆ, ರುಚಿ ಮಾತ್ರ ವರ್ಷ ವರ್ಷ ಕಡಿಮೆ. ಅದಿರಲಿ. ನಾನು ಹೇಳಹೊರಟಿದ್ದು ಇಷ್ಟೇ: ಕೇಳಿ ಕೇಳಿ ಮುಂದಿನ ಜಾಗಕ್ಕೆ ಹೋಗುವುದು ಬೇಕಿಲ್ಲ. ಹೇಳಿದ ಕೆಲಸ ಮಾಡು, ಡ್ಯೂಟಿ ಅಷ್ಟೇ. ಸಂತ ಇದ್ದಾನೆಂದು ಅವನನ್ನು ದಿನವೂ ಪರೀಕ್ಷೆ ಮಾಡಬಾರದು. ಅಜ್ಜ ಕೂಡ ಗುಂಡು ಹಾರಿದರೆ ತಲೆ ತಗ್ಗಿಸುತ್ತಿದ್ದರು.

ತೆಯಾ ಮೊನ್ನೆ ಬಂದಿದ್ದಳು, ಕ್ರಿಸ್ಪಿನ್‌ನ ಪತ್ರ ಓದಿಸಿಕೊಳ್ಳಲು. "ಅಮ್ಮಾ, ನಾನು ದಪ್ಪಗಾಗಿದ್ದೇನೆ, ನಿನ್ನ ಚಿಪಾ ಒಂದು ಬಿಟ್ಟು ಇಲ್ಲಿ ಎಲ್ಲಾ ಸಿಗುತ್ತದೆ" ಎಂದು ಬರೆದಿದ್ದ. ಅಕ್ಷರಗಳು ಮಾತ್ರ ಒಂದನೇ ತರಗತಿಯವನವುಗಳಂತೆ ದೊಡ್ಡದಾಗಿ, ಒಂದರ ಮೇಲೊಂದು ಬಿದ್ದಿದ್ದವು. ಅವಳಿಗೆ ಓದು ಬರದಿದ್ದರೂ ಅದು ಕಂಡಿತು.

"ಇದೇನು ಹೀಗೆ ಬರ್ದಿದ್ದಾನೆ?"

"ಕೈಗವಸು ಹಾಕ್ಕೊಂಡು ಬರ್ದಿರ್ಬೇಕು" ಎಂದೆ.

ಅವಳು ಕಾಗದ ಮಡಿಸಿ ಎದೆಗಿಟ್ಟುಕೊಂಡಳು. ಹೋಗಲಿಲ್ಲ. "ನಿಮ್ಮ ಮಗನ ತೋಳಲ್ಲಿ ಇಟ್ಟಿದ್ದನ್ನ ನನ್ನ ಮಗನಿಗೆ ಯಾಕೆ ಇಡ್ಲಿಲ್ಲ ಮೇಷ್ಟ್ರೇ?" ಎಂದಳು.

"ಇದ್ದದ್ದು ಒಂದೇ, ತೆಯಾ."

"ಒಂದೇ ಇದ್ರೆ ಮುರಿದು ಎರಡು ಮಾಡ್ಬೇಕಿತ್ತು. ನಿಮ್ಮ ಹೆಂಡ್ತಿ ಹಾಸಿಗೆ ಹಿಡಿದಾಗ ನಾನು ಒಂದು ಪಾತ್ರೆ ಸಾರನ್ನ ಎರಡು ಮನೆಗೆ ಮಾಡ್ಲಿಲ್ವಾ?"

ನಾನು ಯೆರ್ಬಾ ಎಲೆಯ ಚಹಾ ಕಾಯಿಸಲು ಒಳಗೆ ಹೋದೆ. ಬರುವಷ್ಟರಲ್ಲಿ ಅವಳಿರಲಿಲ್ಲ.

ಹುಷಾರಾಗಿರು. ದೇವರು ನಿನ್ನನ್ನು ಹರಸಲಿ.

ಅಪ್ಪ


ಮಾಲ್ವಿನಾಸ್
ಮೇ 21, 1982

ಅಪ್ಪಾ, ನಿಮ್ಮ ಆಶೀರ್ವಾದ ಬೇಡುತ್ತೇನೆ.

ನಿಮ್ಮ ಏಪ್ರಿಲ್ ಪತ್ರ ಮಾತ್ರ ಸಿಕ್ಕಿದೆ. ನನಗೇನೂ ಆಗಿಲ್ಲ, ಆಗುವುದೂ ಇಲ್ಲ.

ಕಳೆದ ವಾರ ನಾವೇ ಹೂತಿಟ್ಟ ಸಿಡಿಮದ್ದುಗಳ ಬಯಲಿನೊಳಗೆ ಒಂದು ಕುರಿ ನುಗ್ಗಿ ಮೇಯುತ್ತ ನಿಂತಿತ್ತು. ಎಲ್ಲಿ ಹೂತಿದ್ದೇವೆಂಬ ನಕ್ಷೆ ಯಾರ ಹತ್ತಿರವೂ ಇಲ್ಲ. ನಾನು ನಡೆದುಕೊಂಡು ಹೋಗಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ನಡೆದುಕೊಂಡು ಬಂದೆ. ಎಂಟು ಜನ ಉಂಡರು. ಲೆಫ್ಟಿನೆಂಟ್ ಕರೆಸಿ ಬೈದರು, ಆಮೇಲೆ ನನ್ನ ಹೆಸರು ಬರೆದುಕೊಂಡರು. ಪದಕಕ್ಕೆ ಎಂದು ಸಾರ್ಜೆಂಟ್ ಹೇಳಿದರು. ಈಗ ಕಷ್ಟದ ಕೆಲಸ ಯಾವುದಿದ್ದರೂ ಮೊದಲು ನನ್ನನ್ನೇ ಕರೆಯುತ್ತಾರೆ. ನಾಳೆಯಿಂದ ಕೆಳಗಿನ ಹಳ್ಳದ ಆಚೆಗೆ ಹೋಗಿ ಅವರು ಬರುವುದನ್ನು ನೋಡಿ ಬರಬೇಕು. ಒಬ್ಬನೇ.

ನಾನು ಊರು ಬಿಟ್ಟ ಬೆಳಿಗ್ಗೆ ಕೋಳಿಗೂಡಿನ ಹಿಂದೆ ವಾಂತಿ ಮಾಡಿಕೊಳ್ಳುತ್ತಿದ್ದವನು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಆ ಬೆಳಿಗ್ಗೆ ನೀವು ಕತ್ತಿ ಹಿಡಿದುಕೊಂಡು ಬರದಿದ್ದರೆ ನಾನು ಈ ಬಂಡೆಗಳ ನಡುವೆ ಅಳುತ್ತ ಕೂತಿರುತ್ತಿದ್ದೆ. ಬೇರೆಯವರು ಕೂತಿರುವಂತೆ.

ಕ್ರಿಸ್ಪಿನ್ ಸ್ವಲ್ಪ ವಿಶ್ರಾಂತಿಯಲ್ಲಿದ್ದಾನೆ. ಚಿಕ್ಕಮ್ಮನಿಗೆ ಇದನ್ನು ಓದುವುದು ಬೇಡ.

ನಸಾರಿಯೊ


ಪಾಸೊ ಟಿಂಬೊ
ಮೇ 31, 1982

ನಸಾರಿಯೊ,

ಈ ಪತ್ರವನ್ನು ತೆರೆದು ಓದುವ ಅಧಿಕಾರಿಗಳೇ, ನೀವು ಯಾರೋ ನನಗೆ ಗೊತ್ತಿಲ್ಲ. ಇದರಲ್ಲಿ ಸೇನೆಯ ಗುಟ್ಟೇನೂ ಇಲ್ಲ. ಒಬ್ಬ ಅಪ್ಪನ ತಪ್ಪು ಮಾತ್ರ ಇದೆ. ದಯವಿಟ್ಟು ತಡೆಯಬೇಡಿ, ಪ್ಲೀಸ್.

ಮಗನೇ, ನಿಂತು ಓದಬೇಡ, ಎಲ್ಲಾದರೂ ಮರೆಯಲ್ಲಿ ಕೂತು ಓದು.

ನಿನ್ನ ತೋಳಿನಲ್ಲಿ ಇರುವುದು ಅಜ್ಜನ ಸಂತನಲ್ಲ.

ಅಜ್ಜ ಸತ್ತಾಗ ನಿನಗೆ ಆರು ವರ್ಷ, ನೀನು ನೋಡಿದ್ದೆಯೆಂದು ನನಗೆ ಗೊತ್ತಿರಲಿಲ್ಲ. ಒಂಬತ್ತು ದಿನ ಅವರು "ತೆಗಿಯೋ, ತೆಗಿಯೋ" ಎಂದು ಕೂಗಿದರು. ನಾನು ಓದಿದವನು, ಇದೆಲ್ಲ ಮೂಢನಂಬಿಕೆ ಎಂದು ಎಂಟು ದಿನ ತಡೆದೆ. ಒಂಬತ್ತನೆಯ ದಿನ ತೆಗೆದೆ. ಆಮೇಲಿನದು ನೀನೇ ನೋಡಿದ್ದೀಯ. ಮಣ್ಣು ಮಾಡಿ ಬಂದ ದಿನವೇ ದೋಣಿ ಹತ್ತಿ ಜವುಗಿನ ನಡುವಿಗೆ ಹೋಗಿ ಅದನ್ನು ನೀರಿಗೆ ಎಸೆದೆ. ನನ್ನ ಮನೆಯಲ್ಲಿ ಇನ್ನೊಬ್ಬರು ಹಾಗೆ ಸಾಯಬಾರದೆಂದು. ಯಾರಿಗೂ ಹೇಳಲಿಲ್ಲ, ನಿನ್ನ ಅಮ್ಮನಿಗೂ.

ಹದಿಮೂರು ವರ್ಷ ಯಾರೂ ಕೇಳಲಿಲ್ಲ. ಆ ಬೆಳಿಗ್ಗೆ ನೀನು ಕೇಳಿದೆ. "ಅಜ್ಜನ ಸಂತನ್ನ ಕೊಡಿ ಅಪ್ಪಾ, ಇಲ್ದಿದ್ರೆ ನನ್ನಿಂದ ಹೋಗೋಕಾಗಲ್ಲ" ಎಂದೆ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹುಡುಕುತ್ತೇನೆ ಎಂದು ಹಿತ್ತಿಲಿಗೆ ಹೋದೆ. ಊಟಕ್ಕೆ ಕಡಿದ ಎತ್ತಿನ ಮುಂಗಾಲ ಮೂಳೆಯ ಚೂರು ಬಿದ್ದಿತ್ತು. ಪೆನ್ಸಿಲ್ ಹೆರೆಯುವ ಚಾಕುವಿನಿಂದ ಒಂದು ಗಂಟೆಯಲ್ಲಿ ಕೆತ್ತಿದೆ. ತಲೆಬುರುಡೆ ಸರಿಯಾಗಿ ಬರಲಿಲ್ಲ, ಆದ್ದರಿಂದಲೇ ನಿನಗೆ ಹತ್ತಿರದಿಂದ ತೋರಿಸಲಿಲ್ಲ. ನಿಜವಾದ ಸಂತನನ್ನು ಪಾದ್ರಿಗೆ ತಿಳಿಯದಂತೆ ಏಳು ಶುಕ್ರವಾರ ಪೂಜೆಯಲ್ಲಿ ಇಡಬೇಕು. ಇದನ್ನು ಇಟ್ಟದ್ದು ನನ್ನ ಅಂಗಿಯ ಜೇಬಿನಲ್ಲಿ, ಕಾಲು ಗಂಟೆ.

ನಿನ್ನನ್ನು ಕಾಯುತ್ತಿರುವುದು ಏನೂ ಇಲ್ಲ. ಬಾಂಬು ಸಿಡಿಯದಿದ್ದದ್ದು ಕೆಸರು ಮೆತ್ತಗಿದ್ದದ್ದರಿಂದ. ಸಿಡಿಮದ್ದಿನ ಬಯಲು ದಾಟಿದ್ದು ಬರೀ ಅದೃಷ್ಟ. ಇನ್ನೊಮ್ಮೆ ದಾಟಬೇಡ. ಬೇರೆಯವರು ಬಂಡೆಗಳ ನಡುವೆ ಅಳುತ್ತ ಕೂತಿದ್ದಾರೆ ಎಂದು ಬರೆದೆಯಲ್ಲ, ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತುಕೊ. ಅಳು ಬಂದರೆ ಅಳು. ನೀನು ಹೀರೊ ಆಗುವುದು ನನಗೆ ಬೇಡ. ಇಷ್ಟು ವರ್ಷ ಮಕ್ಕಳಿಗೆ ನಾನು ಆ ಪಾಠವನ್ನೇ ಹೇಳಿದೆ, ಈಗ ಬೇಡ ಎನ್ನುತ್ತಿದ್ದೇನೆ. ಬೈಯುವುದಾದರೆ ಮನೆಗೆ ಬಂದು ಬೈ.

ಅವರು ಎದುರಿಗೆ ಬಂದರೆ ಬಂದೂಕು ಕೆಳಗಿಟ್ಟು, ಕೈಯೆತ್ತಿ, ನಿಧಾನವಾಗಿ ಹೇಳು: "ಡೋಂಟ್ ಶೂಟ್. ಐ ಹ್ಯಾವ್ ಎ ಫಾದರ್." ಗಾರ್ಡನ್ನಿನ ತನಕ ಹೋಗಬೇಡ, ಅಷ್ಟು ಸಾಕು. ದಿನಕ್ಕೆ ಹತ್ತು ಸಲ ಬಾಯಿಪಾಠ ಮಾಡು.

ಇದನ್ನು ಇಲ್ಲಿನ ಅಂಚೆಗೆ ಹಾಕುವುದಿಲ್ಲ. ನಾಳೆ ಬಸ್ ಹತ್ತಿ ಪಟ್ಟಣಕ್ಕೆ ಹೋಗಿ, ದಕ್ಷಿಣಕ್ಕೆ ಹೋಗುವವರ ಕೈಗೇ ಕೊಡುತ್ತೇನೆ. ದಾರಿಯಲ್ಲಿ ನಿಲ್ದಾಣದಲ್ಲಿ ತೆಯಾ ಸಿಗುತ್ತಾಳೆ. ಅವಳಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ.

ದೇವರು ನಿನ್ನನ್ನು ಹರಸಲಿ, ಹರಸಲಿ.

ಅಪ್ಪ


ಪಾಸೊ ಟಿಂಬೊ
ಜೂನ್ 17, 1982

ನಸಾರಿಯೊ,

ಯುದ್ಧ ಮುಗಿಯಿತೆಂದು ರೇಡಿಯೊ ಹೇಳಿ ಮೂರು ದಿನವಾಯಿತು. ಅದರ ಹಿಂದಿನ ದಿನದ ತನಕ ಗೆಲ್ಲುತ್ತಿದ್ದೇವೆ ಎನ್ನುತ್ತಿದ್ದವರು ಈಗ ಸಂಗೀತ ಹಾಕುತ್ತಿದ್ದಾರೆ. ಯಾವ ವಿಳಾಸಕ್ಕೆ ಬರೆಯಬೇಕೋ ತಿಳಿಯದೆ ಹಳೆಯದಕ್ಕೇ ಬರೆಯುತ್ತಿದ್ದೇನೆ.

ತೆಯಾಗೆ ನಾನು ಏನೂ ಹೇಳಲಿಲ್ಲ. ಅವತ್ತು ಬಸ್ ಹತ್ತುವಾಗ ದಾರಿಗೆಂದು ಎರಡು ಚಿಪಾ ಕಟ್ಟಿಕೊಟ್ಟಳು, ತೆಗೆದುಕೊಂಡೆ. ಈಗ ದಿನವೂ ಬೆಳಿಗ್ಗೆ ನಮ್ಮ ಬೇಲಿಯ ಹತ್ತಿರ ಬಂದು "ಬಂತಾ?" ಎನ್ನುತ್ತಾಳೆ. "ಇಲ್ಲ" ಎನ್ನುತ್ತೇನೆ. ಇಷ್ಟೇ ನಮ್ಮ ಮಾತು.

ಬಾಗಿಲ ಮುಂದಿನ ಮೇಣದಬತ್ತಿಗಳು ಹೆಚ್ಚಾಗಿವೆ. ಒಂದಕ್ಷರ ಬರಿ.

ಅಪ್ಪ


ದಕ್ಷಿಣದ ಬ್ಯಾರಕ್ಕಿನಿಂದ
ಜೂನ್ 26, 1982

ಅಪ್ಪನಿಗೆ,

ನಾನು ಬದುಕಿದ್ದೇನೆ. ಇಲ್ಲಿ ನಮಗೆ ದಿನಕ್ಕೆ ನಾಲ್ಕು ಸಲ ಊಟ ಹಾಕಿ ಮೈ ತುಂಬಿಸುತ್ತಿದ್ದಾರೆ, ಮನೆಯವರು ನೋಡಿ ಹೆದರದಿರಲೆಂದು. ಕಂಡದ್ದನ್ನು ಹೇಳುವುದಿಲ್ಲವೆಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದಾರೆ. ಈ ಪತ್ರವನ್ನು ಪಾತ್ರೆ ತೊಳೆಯುವ ಹೆಂಗಸು ಏಪ್ರನ್ನಿನಲ್ಲಿಟ್ಟುಕೊಂಡು ಹೊರಗೆ ಒಯ್ಯುತ್ತಾಳೆ.

ಕ್ರಿಸ್ಪಿನ್ ಇಲ್ಲ.

ಅವನು ಅಡುಗೆಯವರ ಜೊತೆ ಯಾವತ್ತೂ ಇರಲಿಲ್ಲ, ನಾನು ಸುಳ್ಳು ಬರೆದಿದ್ದೆ. ನನ್ನ ಪಕ್ಕದ ಗುಂಡಿಯಲ್ಲಿ ಮೊಣಕಾಲುದ್ದ ನೀರಿನಲ್ಲಿದ್ದ. ಮೇ ಹತ್ತೊಂಬತ್ತರಂದು ಹಸಿವಿಗೆ ಒಂದು ಡಬ್ಬಿ ಮಾಂಸ ಕದ್ದ. ನಾವು ಅಪ್ಪಣೆಯಿಲ್ಲದೆ ಕುರಿ ಕಡಿದದ್ದಕ್ಕೆ ಬೈಗಳಷ್ಟೇ ಸಿಕ್ಕಿತ್ತು, ಏಕೆಂದರೆ ಅಧಿಕಾರಿಗಳೂ ಅದರಲ್ಲಿ ಉಂಡರು. ಡಬ್ಬಿಗೆ ಹಾಗಾಗಲಿಲ್ಲ. ಅವನ ಕೈಕಾಲುಗಳನ್ನು ನಾಲ್ಕು ಗೂಟಕ್ಕೆ ಕಟ್ಟಿ ಒದ್ದೆ ನೆಲದ ಮೇಲೆ ಬಯಲಿನಲ್ಲಿ ಮಲಗಿಸಿದರು. ನಮ್ಮವರೇ. ನಾನು ಬರೆದ "ವಿಶ್ರಾಂತಿ" ಅದು. ಬಿಚ್ಚಿದಾಗ ಪಾದಗಳು ಕಪ್ಪಾಗಿದ್ದವು. ಬೂಟು ಹಾಕಲಾಗದೆ ಹಿಮ್ಮಡಿ ಮೇಲಿಟ್ಟು ತೆವಳುತ್ತಿದ್ದ. ಮಾತು ನಿಲ್ಲಿಸಿದ. ನಾಯಿಗಳ ತಮಾಷೆ ಮಾಡಿದ ಕ್ರಿಸ್ಪಿನ್ ಒಂದು ವಾರ ಒಂದು ಮಾತೂ ಆಡಲಿಲ್ಲ. ಬಂದೂಕಿನ ಬಾಯನ್ನೇ ನೋಡುತ್ತಿರುತ್ತಿದ್ದ.

ಮೇ ಇಪ್ಪತ್ತಾರರಂದು ನಾನು ಸಂತನನ್ನು ನನ್ನ ತೋಳಿನಿಂದ ತೆಗೆದು ಅವನ ತೋಳಿಗೆ ಇಟ್ಟೆ. ನಿಮ್ಮ ಪತ್ರ ಇನ್ನೂ ಬಂದಿರಲಿಲ್ಲ. ಹೊಲಿಯಲು ಅವನ ಕಾಲುಚೀಲದ ದಾರವನ್ನೇ ಎಳೆದುಕೊಂಡೆ. ಹೊಲಿಗೆ ಮುಗಿದಾಗ ಅವನು ಮೊದಲ ಸಲ ಬಾಯಿಬಿಟ್ಟ: "ಹಿಮ್ಮಡಿ ಬಿಟ್ಟು ಎಲ್ಲಾ ವಜ್ರ ಆಯ್ತೇನೋ ಈಗ?"

ಮರುದಿನದಿಂದ ಅವನು ಬೇರೆಯೇ ಆದ. ತೆವಳಿಕೊಂಡೇ ಗುಂಡಿಯಿಂದ ಗುಂಡಿಗೆ ನೀರು ಕೊಂಡೊಯ್ಯುತ್ತಿದ್ದ. ಶೆಲ್ ಬೀಳುವಾಗಲೂ ಹೋಗುತ್ತಿದ್ದ. "ನೀರು ಬಂತು, ದೊರೆಗಳು ಏಳಿ" ಎಂದು ಕೂಗುತ್ತಿದ್ದ. ಹುಡುಗರು ನಗುತ್ತಿದ್ದರು.

ಜೂನ್ ಎಂಟರಂದು ನಿಮ್ಮ ಪತ್ರ ಬಂತು. ಮರೆಯಲ್ಲಿ ಕೂತು ಓದಿದೆ, ನೀವು ಹೇಳಿದಂತೆಯೇ. ಹೇಳಬೇಕೆಂದು ಎರಡು ಸಲ ಅವನ ಗುಂಡಿಗೆ ಹೋದೆ. ಮೊದಲ ಸಲ ಅವನು ಹಾಡು ಗುನುಗುತ್ತಿದ್ದ. ಎರಡನೆಯ ಸಲ, "ಏನ್ಲಾ ನಸಾ, ಮುಖ ಯಾಕೆ ಹಾಗಿದೆ? ವಾಪಸ್ ಬೇಕಾ ನಿನ್ನ ಸಂತ?" ಎಂದ. ನಾನು ಬೇಡವೆಂದೆ. ನಿಮಗೆ ಆ ಬೆಳಿಗ್ಗೆ ಬಾಯಿ ಬರಲಿಲ್ಲ ಎಂದಿರಲ್ಲ, ಹಾಗೇ ಆಯಿತು.

ಹನ್ನೊಂದರ ಮಧ್ಯಾಹ್ನ ನೀರು ತರುವಾಗ ಶೆಲ್ಲಿನ ಚೂರು ಅವನ ಹೊಟ್ಟೆಗೆ ತಾಗಿತು. ಹೊತ್ತೊಯ್ಯಲು ಯಾರೂ ಬರಲಿಲ್ಲ. ಕತ್ತಲಾಯಿತು, ಅವನು ಸಾಯಲಿಲ್ಲ. ಹೊಟ್ಟೆ ಹೇಗಿತ್ತೆಂದು ಬರೆಯುವುದಿಲ್ಲ, ಆದರೆ ಅಷ್ಟಾದವರು ಕಾಲು ಗಂಟೆಯೂ ಇರುವುದಿಲ್ಲ ಅಪ್ಪಾ. ಅವನು ಬೆಳಗಿನ ತನಕ ಇದ್ದ. ನಮ್ಮ ಜವುಗಿನ ಕಡೆಯ ಇನ್ನೂ ಮೂವರು ಅಲ್ಲಿದ್ದರು. "ತೆಗಿಯೋ, ಅದು ಅವನನ್ನ ಬಿಡ್ತಿಲ್ಲ" ಎಂದು ನನ್ನ ಕಾಲು ಹಿಡಿದರು. ನನಗೊಬ್ಬನಿಗೇ ಗೊತ್ತಿತ್ತು ಅದು ಎತ್ತಿನ ಮೂಳೆಯೆಂದು. ಬೆಳಕು ಹರಿಯುವಾಗ ಅವನೇ ಕೇಳಿದ. "ನಸಾ, ಸಾಕು ಕಣೋ. ತೆಗಿ."

ಡಬ್ಬಿಯ ಮುಚ್ಚಳದಿಂದ ತೆಗೆದೆ. ರಕ್ತ ಒರೆಸಿ ಅಂಗೈಯಲ್ಲಿ ಹಿಡಿದು ಅವನ ಕಡೆ ತಿರುಗಿದೆ. ಅಷ್ಟರಲ್ಲಿ ಅವನು ಹೋಗಿದ್ದ.

ಅದು ಬರೀ ಎತ್ತಿನ ಮೂಳೆ ಎಂದು ಬರೆದಿರಿ. ಹಾಗಾದರೆ ತೆಗೆಯುವ ತನಕ ಅವನೇಕೆ ಸಾಯಲಿಲ್ಲ? ತೆಗೆದಾಗ ಏಕೆ ಸತ್ತ? ಅವನನ್ನು ಕೊಂದದ್ದು ಶೆಲ್ಲೋ, ನಾನೋ, ನೀವೋ? ಹದಿನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ.

ಸ್ವಲ್ಪ ಹೊತ್ತಿಗೆ ಇಂಗ್ಲಿಷರು ಬಂದರು. ನಾನು ಕೈಯೆತ್ತಿ ನೀವು ಕಲಿಸಿದ್ದನ್ನು ಹೇಳಿದೆ. ಎದುರಿದ್ದವನೂ ನನ್ನ ವಯಸ್ಸಿನವನೇ. ಉತ್ತರವಾಗಿ ಉದ್ದಕ್ಕೆ ಏನೋ ಹೇಳಿದ, ಒಂದು ಪದವೂ ತಿಳಿಯಲಿಲ್ಲ. ಕ್ರಿಸ್ಪಿನ್‌ನನ್ನು ಅಲ್ಲೇ ಹೂತೆವು. ಎಲ್ಲಿ ಎಂದು ಯಾರೂ ಬರೆದುಕೊಳ್ಳಲಿಲ್ಲ. ಮೂಳೆ ಮಾತ್ರ ನನ್ನ ಜೇಬಿನಲ್ಲಿದೆ.

ತೆಯಾ ಚಿಕ್ಕಮ್ಮನಿಗೆ ಪತ್ರ ಓದುವವರು ನೀವೇ. ಇದನ್ನೂ ಓದಿ. ಒಂದು ಸಾಲನ್ನೂ ಬಿಡಬೇಡಿ.

ಜುಲೈ ಹತ್ತಕ್ಕೆ ನಮ್ಮನ್ನು ಬಿಡುತ್ತಾರಂತೆ. ನಿಲ್ದಾಣಕ್ಕೆ ಬರಬೇಡಿ. ಬಸ್ಸಿನಿಂದ ಇಳಿದು ಮನೆಯ ಕಡೆ ಬರುತ್ತೇನೋ, ನೇರ ಜವುಗಿನ ಕಡೆ ನಡೆಯುತ್ತೇನೋ, ನನಗೇ ಗೊತ್ತಿಲ್ಲ.

ನಸಾರಿಯೊ


ಪಾಸೊ ಟಿಂಬೊ
ಜುಲೈ 3, 1982

ನಸಾರಿಯೊ,

ಓದಿದೆ.

ನಿನ್ನ ಪತ್ರಕ್ಕೆ ಒಂದು ದಿನ ಮೊದಲು ಸರಕಾರದ ತಂತಿ ಬಂದಿತ್ತು. ಅದನ್ನೂ ನಾನೇ ಓದಿದೆ. "ತಾಯ್ನಾಡಿಗಾಗಿ ವೀರಮರಣ" ಎಂದಿತ್ತು. ತೆಯಾ ಅಳಲಿಲ್ಲ. "ವೀರ ಅಂದ್ರೆ, ನೀವು ಶಾಲೇಲಿ ಹೇಳ್ತಿದ್ರಲ್ಲ, ಹಿಮ್ಮಡಿಯವನು, ಅವನ ಹಾಗಾ?" ಎಂದು ಕೇಳಿದಳು. ಹೌದು ಎಂದೆ. ಆ ಒಂದು ದಿನ ನಾನು ಹಾಗೇ ಬಿಟ್ಟಿದ್ದೆ.

ಮರುದಿನ ನಿನ್ನ ಪತ್ರ ಹಿಡಿದು ಅವಳ ಮನೆಗೆ ಹೋದೆ. ಹಿಟ್ಟು ನಾದುತ್ತಿದ್ದಳು. ನಿಲ್ಲಿಸಬೇಡವೆಂದೆ, ಓದತೊಡಗಿದೆ. ಗೂಟದ ಸಾಲಿಗೆ ಬಂದಾಗ ಕೈ ನಿಂತಿತು, ಮತ್ತೆ ನಾದಿದಳು. ಎತ್ತಿನ ಮೂಳೆಯ ಮಾತಿಗೆ ಬಂದಾಗ ಓದು ನಿಲ್ಲಿಸಿದೆ. ಸುಳ್ಳು ಹೇಳುವುದಿಲ್ಲ, ಅದನ್ನು ದಾಟಿ ಮುಂದಿನ ಸಾಲಿಗೆ ಹಾರಬೇಕೆಂದು ಕಣ್ಣು ಆಗಲೇ ಕೆಳಗೆ ಹೋಗಿತ್ತು. ಅವಳು ತಲೆಯೆತ್ತದೆ, "ಅಲ್ಲೇನೋ ಬಿಡ್ತಿದೀರಿ ಮೇಷ್ಟ್ರೇ" ಎಂದಳು. ಓದಿದೆ. ನಾನು ಜವುಗಿಗೆ ಎಸೆದದ್ದು, ಕೆತ್ತಿದ್ದು, ಎಲ್ಲವನ್ನೂ ಬಾಯಲ್ಲೂ ಹೇಳಿದೆ.

ಅವಳು ಹಿಟ್ಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು: "ಯಾವ ಎತ್ತು?"

"ಆ ಕೆಂಪು ಎತ್ತು. ಅವತ್ತು ಊಟಕ್ಕೆ ಕಡಿದದ್ದು."

"ಅದನ್ನ ನಾನೂ ಉಂಡಿದ್ದೆ. ಎರಡು ಸಲ ಹಾಕಿಸ್ಕೊಂಡೆ. ಕ್ರಿಸ್ಪಿನ್ ಆಡ್ಕೊಂಡು ನಕ್ಕ."

ಅವಳು ನನ್ನನ್ನು ಹೊಡೆಯಲಿ, ಉಗಿಯಲಿ ಎಂದು ನಾನು ಕಾದಿದ್ದೆ. ಹೊಡೆದಿದ್ದರೆ ಮನೆಗೆ ಬಂದು ಮಲಗಬಹುದಿತ್ತು. ಅವಳು ಕೈ ತೊಳೆದು, ಒರೆಸಿ, ಎಡತೋಳಿನ ಬಟ್ಟೆ ಮೇಲೆ ಸರಿಸಿ ನನ್ನ ಮುಂದೆ ಚಾಚಿದಳು.

"ನಸಾ ಅದನ್ನ ತರ್ತಾನಲ್ಲ. ಇಲ್ಲಿಡ್ಬೇಕು."

"ತೆಯಾ, ಅದು ಬರೀ ಮೂಳೆ ಅಂತ ಈಗ ತಾನೇ ಹೇಳಿದ್ನಲ್ಲ."

"ಕೆಲಸ ಮಾಡ್ತದೆ ಅಂತ ನಿಮ್ಮ ಮಗನೇ ಬರ್ದಿದಾನಲ್ಲ. ನನ್ನ ಮಗ ಎಲ್ಲಿದಾನೋ ಯಾರಿಗೂ ಗೊತ್ತಿಲ್ಲ. ಹುಡುಕಿ ಅವನ ಮೂಳೆ ತಂದು ಇಲ್ಲಿ ಮಣ್ಣು ಮಾಡೋ ತನಕ ನಾನು ಸಾಯಬಾರ್ದು. ಹತ್ತು ವರ್ಷ ಆಗ್ಲಿ, ಐವತ್ತು ಆಗ್ಲಿ. ಆಮೇಲೆ ತೆಗೀಬಹುದು."

"ತೆಗೆಯೋರು ಯಾರು ಆವಾಗ? ನಾನಿರಲ್ಲ."

"ನಿಮ್ಮ ಕೈ ಬೇಡ. ನಸಾ ತೆಗೀತಾನೆ. ಅವನಿಗೆ ಕೈ ಪಳಗಿದೆ." ಹಾಗೆ ಹೇಳುವಾಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. "ಅಲ್ಲಿ ತನಕ ಅವನು ಇರ್ಬೇಕು ಅಂತ ಬರೀರಿ. ಜವುಗಿಗೆ ಗಿವುಗಿಗೆ ಹೋಗೋ ಹಾಗಿಲ್ಲ. ನನಗೆ ಅವನು ಒಂದು ಸಾವು ಕೊಡೋದಿದೆ ಅಂತ ಬರೀರಿ."

ಅವಳು ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ. ನೀನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಹತ್ತನೇ ತಾರೀಕು ನಾನು ನಿಲ್ದಾಣಕ್ಕೆ ಬರುವುದಿಲ್ಲ. ಅವಳು ಇರುತ್ತಾಳೆ. ಚಿಪಾ ಬುಟ್ಟಿಯ ಪಕ್ಕದಲ್ಲಿ ಕೂತಿರುತ್ತಾಳೆ, ಬಸ್ಸಿನ ಬಾಗಿಲಿಗೆ ಎದುರಾಗಿ. ಅಜ್ಜನ ಕ್ಷೌರದ ಕತ್ತಿಯನ್ನು ನಿನ್ನ ಕೈಗೇ ಕೊಡಲೆಂದು ಇವತ್ತೇ ಕೇಳಿ ತೆಗೆದುಕೊಂಡು ಹೋದಳು, ನಾನು ಮಸೆದು ಕೊಟ್ಟೆ.

ನೀನು ಈ ಸಲ ಆಶೀರ್ವಾದ ಕೇಳಿಲ್ಲ. ಕೇಳದಿದ್ದರೂ ಕೊಡುತ್ತಿದ್ದೇನೆ.

ಅಪ್ಪ